ಅಂಗಾಲಿನ ಕೌದಿ: ಐದನೇ ವಾರ

ಈ ವಾರ ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ.

ಹೊಸದಾಗಿ ಓದುವವರಿಗೆ: ಅಮ್ಮನ ಹಳೆ ಸೀರೆಗಳಲ್ಲಿ ಅಂಗಾಲಿನ ಚರ್ಮದ ಸೀಳುನೋಟವನ್ನು ಕೌದಿಯಾಗಿ ಹೊಲಿಯುತ್ತಿದ್ದೇನೆ. ಚರ್ಮದ ಬಣ್ಣದ ಕೋಶಗಳಲ್ಲಿ ಹುಟ್ಟುವ ಮೆಲನೋಮಾ ಎಂಬ ಕ್ಯಾನ್ಸರ್ ಅದರೊಳಗೆ ಹೇಗೆ ಇಳಿಯುತ್ತದೆ, ಯಾವ ಪ್ರೋಟೀನ್ ಅದರ ಸುಳಿವು ಕೊಡುತ್ತದೆ ಎಂದು ದಾರದಲ್ಲೇ ತೋರಿಸಬೇಕು. ಅಂಗಾಲೇ ಯಾಕೆ ಅಂದರೆ, ನಮ್ಮ ಜನರಲ್ಲಿ ಇದು ಹೆಚ್ಚಾಗಿ ಕಾಣುವುದು ಅಲ್ಲೇ. ಅಂಕೋಲೆಯ ದೊಡ್ಡಮ್ಮ ಗದ್ದೆಯಲ್ಲಿ ಬರಿಗಾಲಲ್ಲೇ ನಡೆದವರು. ಹಿಮ್ಮಡಿಯ ಕಪ್ಪು ಕಲೆಯನ್ನು ಮುಳ್ಳು ಮುರಿದದ್ದು ಅಂತ ನಾವು ಎರಡು ಮಳೆಗಾಲ ಸುಮ್ನೆ ಬಿಟ್ಟೆವು.

ಮೊದಲ ತಪ್ಪು ಅಳತೆಯದ್ದು. ನನ್ನ ಕೌದಿಯಲ್ಲಿ 1 ಮಿ.ಮೀ.ಗೆ 30 ಸೆಂ.ಮೀ. ಗಡ್ಡೆಯ ಆಳವನ್ನು ಚರ್ಮದ ತೀರಾ ಮೇಲಿನಿಂದ ಅಳೆದಿದ್ದೆ. 1970ರಲ್ಲಿ ಬ್ರೆಸ್ಲೋ ಎಂಬ ವೈದ್ಯ ಹೇಳಿಕೊಟ್ಟ ಅಳತೆ ಶುರುವಾಗುವುದು ಸತ್ತ ಪದರದ ಕೆಳಗಿನಿಂದ. ಅಂಗಾಲಲ್ಲಿ ಆ ಸತ್ತ ಪದರವೇ ದಪ್ಪ ಅಲ್ವಾ? ಇಡೀ ಗಡ್ಡೆ ಜಾಗ ಬದಲಿಸಿತು.

ಎರಡನೆಯದು ಬಣ್ಣದ್ದು. ಲ್ಯಾಬ್‌ನಲ್ಲಿ ಪ್ರೋಟೀನ್ ಇರುವ ಜಾಗವನ್ನು ಸಾಮಾನ್ಯವಾಗಿ ಕಂದು ಬಣ್ಣ ಬರಿಸಿ ತೋರಿಸುತ್ತಾರೆ. ನಾನೂ ಕಂದು ದಾರವನ್ನೇ ತಂದೆ. ಆದರೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಕಂದು! ಎರಡು ಸಂಜೆಯ ಕೆಲಸ ಒಂದರಲ್ಲೊಂದು ಕಲೆತು ಹೋಯಿತು. ಲ್ಯಾಬ್‌ನಲ್ಲಿ ಕೆಲಸ ಮಾಡುವ ತಂಗಿಗೆ ಫೋಟೋ ಕಳಿಸಿದೆ. ಅವರಿಗೂ ಇದೇ ತೊಂದರೆಯಂತೆ. ಮೆಲನಿನ್ ಜಾಸ್ತಿ ಇದ್ದರೆ ಕೆಂಪು ಬಣ್ಣ ಬಳಸುತ್ತಾರೆ. ಶಿರಸಿ ಪೇಟೆಗೆ ಹೋಗಿ ಕೆಂಪು ದಾರ ತಂದೆ.

ಆ ಕೆಂಪು ಕೆಐ-67 (Ki-67) ಎಂಬ ಪ್ರೋಟೀನ್‌ಗೆ. ಜರ್ಮನಿಯ ಕೀಲ್ ಊರಿನ ಹೆಸರಿನ ಗುರುತು ಇದು. ಒಡೆದು ಎರಡಾಗುವ ದಾರಿಯಲ್ಲಿರುವ ಕೋಶಗಳಲ್ಲಿ ಇರುತ್ತದೆ, ಸುಮ್ಮನೆ ಕೂತ ಕೋಶದಲ್ಲಿ ಇರುವುದಿಲ್ಲ. ಸಾಮಾನ್ಯ ಮಚ್ಚೆಯ ಆಳದಲ್ಲಿ ಇದು ಸಿಗುವುದೇ ಅಪರೂಪ. ಮೆಲನೋಮಾದಲ್ಲಿ ತಳದ ಕೋಶಗಳೂ ಒಡೆಯುತ್ತಿರುತ್ತವೆ. ಹಾಗಾಗಿ ಕೆಂಪು ಗಂಟುಗಳನ್ನು ಕೆಳಗಿನವರೆಗೂ ಹಾಕಿದೆ.

ನನಗೆ ತುಂಬ ಇಷ್ಟವಾದದ್ದು ಇ-ಕ್ಯಾಡ್‌ಹೆರಿನ್. ಬಣ್ಣದ ಕೋಶವನ್ನು ಪಕ್ಕದ ಚರ್ಮದ ಕೋಶಕ್ಕೆ ಹಿಡಿದಿಡುವ ಪ್ರೋಟೀನ್. ನಿಜಕ್ಕೂ ಹೊಲಿಗೆಯೇ. ಹಸಿರು ಟಾಕಿ ಹಾಕಿದ್ದೆ. ಗಡ್ಡೆ ಕೆಳಗಿಳಿಯುವಾಗ ಇದು ಕಡಿಮೆಯಾಗಿ ಎನ್-ಕ್ಯಾಡ್‌ಹೆರಿನ್ ಹೆಚ್ಚುತ್ತದೆ. ಆಗ ಕೋಶ ಒಳಪದರದ ಕೋಶಗಳನ್ನು ಹಿಡಿದುಕೊಳ್ಳುತ್ತದೆ. ಹಸಿರು ಟಾಕಿಗಳನ್ನು ಒಂದೊಂದಾಗಿ ಬಿಚ್ಚಿ ಕೆಳಗೆ ಹಳದಿ ಹಾಕಿದೆ. ಬಿಚ್ಚಿದ ಕಡೆ ಸೂಜಿಯ ತೂತು ಹಾಗೇ ಕಾಣುತ್ತದೆ. ಅದನ್ನು ಮುಚ್ಚುವುದಿಲ್ಲ.

ಎಸ್-100 ಎಂಬ ಇನ್ನೊಂದು ಸುಳಿವಿನ ಪ್ರೋಟೀನ್ ಬಗ್ಗೆ ಮುಂದಿನ ವಾರ. ಅದು ನರಗಳಲ್ಲೂ ಇರುವುದರಿಂದ ಬೇರೆ ಬಗೆಯ ದಾರ ಬೇಕು.

ಆಪರೇಷನ್ ಆಗಿ ಈಗ ಕೋಲು ಹಿಡಿದು ನಡೆಯುವ ದೊಡ್ಡಮ್ಮ ಮೊನ್ನೆ ಬಂದಿದ್ದರು. ಕೌದಿಯ ಮೇಲೆ ಕೈ ಇಟ್ಟು, "ನಂದು ಎಲ್ಲಿವರೆಗೆ ಇಳಿದಿತ್ತು?" ಎಂದು ಕೇಳಿದರು. ವರದಿಯಲ್ಲಿ 2.1 ಮಿ.ಮೀ. ಎಂದಿತ್ತು. ಟೇಪು ಹಿಡಿದರೆ 63 ಸೆಂ.ಮೀ. ಅಲ್ಲಿ ಒಂದು ಬಿಳಿ ದಾರ ಹಾಕಿದ್ದೇವೆ, ಇಬ್ಬರೂ ಸೇರಿ.