ಫೀಸಿಲ್ಲ ಅಂದ್ರೆ ದುಡ್ಡು ಯಾರು ಕೊಡ್ತಾರೆ?

ಊರಿಗೆ ಹೋದಾಗ ಮದುವೆಮನೆ ಪಂಕ್ತಿಯಲ್ಲಿ ಈ ಪ್ರಶ್ನೆ ತಪ್ಪಿದ್ದೇ ಇಲ್ಲ. "ಅಮೆರಿಕದಲ್ಲಿ ಮಗೂನ ಯಾವ ಸ್ಕೂಲಿಗೆ ಹಾಕಿದೀಯಮ್ಮ?" ಅಂತ ಶುರುವಾಗುತ್ತೆ. "ಸರ್ಕಾರಿ ಶಾಲೆಗೆ" ಅಂದ ತಕ್ಷಣ ಪಕ್ಕದೆಲೆಯವರು ಕೋಸಂಬರಿ ಬಿಟ್ಟು ನನ್ನ ಮುಖ ನೋಡ್ತಾರೆ. ಗಂಡನ ಕೆಲಸ ಹೋಯ್ತೇನೋ ಅನ್ನುವ ಅನುಮಾನ. ಫೀಸೆಷ್ಟು? ಇಲ್ಲ. ಪುಸ್ತಕಕ್ಕೆ? ಅದಕ್ಕೂ ಇಲ್ಲ. "ಹಾಗಾದ್ರೆ ದುಡ್ಡು ಯಾರು ಕೊಡ್ತಾರೆ? ನಡೆಸೋರು ಯಾರು?"

ಪಾಯಸ ಬರುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರವಲ್ಲ ಇದು. ನನಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಹಾಗೆ ಮಾಡಿದವರು ನಮ್ಮ ಮಾವನವರು. ತಿಪಟೂರು ಕಡೆ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತೆರಡು ವರ್ಷ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ನಮ್ಮ ಮನೆಗೆ ಆರು ತಿಂಗಳಿಗೆ ಬಂದವರು ಮೊದಲ ವಾರವೇ ಕೇಳಿದರು: "ಇಲ್ಲಿ ಬಿಇಒ ಯಾರಮ್ಮ?"

ಇಲ್ಲಿ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಇಲ್ಲ, ಜಿಲ್ಲೆಯ ಡಿಡಿಪಿಐ ಇಲ್ಲ. ಇರುವುದು ಸ್ಕೂಲ್ ಡಿಸ್ಟ್ರಿಕ್ಟ್. ಡಿಸ್ಟ್ರಿಕ್ಟ್ ಅಂದರೆ ಜಿಲ್ಲೆ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಜಿಲ್ಲೆ ಅನ್ನಬಹುದಾದ್ದು ಕೌಂಟಿ. ನಮ್ಮ ಸ್ಯಾಂಟಾ ಕ್ಲಾರಾ ಕೌಂಟಿ ಒಂದರಲ್ಲೇ 31 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ಇವು ಊರಿನ ಗಡಿಯನ್ನೂ ಕೇಳುವುದಿಲ್ಲ. ರಸ್ತೆಯ ಈ ಬದಿಯ ಮಕ್ಕಳು ಒಂದು ಡಿಸ್ಟ್ರಿಕ್ಟ್, ಆ ಬದಿಯವರು ಇನ್ನೊಂದು. ಕೆಲವು ಡಿಸ್ಟ್ರಿಕ್ಟ್‌ಗಳು ಎಂಟನೇ ತರಗತಿಗೆ ನಿಂತುಬಿಡುತ್ತವೆ, ಹೈಸ್ಕೂಲಿಗೆ ಬೇರೆಯದೇ ಡಿಸ್ಟ್ರಿಕ್ಟ್. ಹೆಸರುಗಳಂತೂ ಕೇಳಲೇಬೇಡಿ. ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್‌ಗೂ ಫ್ರೀಮಾಂಟ್ ಊರಿಗೂ ಸಂಬಂಧವಿಲ್ಲ, ಅದರ ಶಾಲೆಗಳಿರುವುದು ಸನಿವೇಲ್, ಕುಪರ್ಟಿನೊ ಕಡೆ. ಹೊಸದಾಗಿ ಬಂದವರು ಹೆಸರು ನಂಬಿಕೊಂಡು ಫ್ರೀಮಾಂಟ್‌ನಲ್ಲಿ ಮನೆ ಹುಡುಕಿದರೆ ಆಶ್ಚರ್ಯವಿಲ್ಲ.

ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ಸಣ್ಣದೊಂದು ಸರ್ಕಾರವೇ. ನಗರಸಭೆಯ ಕೈಕೆಳಗಿನ ಇಲಾಖೆಯಲ್ಲ, ಮೇಯರ್ ಮಾತು ಇಲ್ಲಿ ನಡೆಯುವುದಿಲ್ಲ. ಅದಕ್ಕೊಂದು ಬೋರ್ಡ್. ಸಾಮಾನ್ಯವಾಗಿ ಐದು ಅಥವಾ ಏಳು ಜನ, ನಾಲ್ಕು ವರ್ಷದ ಅವಧಿಗೆ ಆ ಭಾಗದ ಮತದಾರರು ಆರಿಸಿದವರು. ಹಲ್ಲಿನ ಡಾಕ್ಟರು, ನಿವೃತ್ತ ಶಿಕ್ಷಕಿ, ಕಂಪನಿಯಲ್ಲಿ ಕೆಲಸ ಮಾಡುವ ಇಬ್ಬರು ಮಕ್ಕಳ ತಾಯಿ, ಇಂಥವರು. ಭತ್ಯೆ ಬಹಳ ಕಡೆ ತಿಂಗಳಿಗೆ ಕೆಲವು ನೂರು ಡಾಲರ್, ಅಷ್ಟೆ. ಡಿಸ್ಟ್ರಿಕ್ಟ್ ನಡೆಸುವ ಮುಖ್ಯಾಧಿಕಾರಿ ಸೂಪರಿಂಟೆಂಡೆಂಟರನ್ನು ಈ ಬೋರ್ಡೇ ನೇಮಿಸುತ್ತದೆ, ಬಜೆಟ್ಟಿಗೆ ಒಪ್ಪಿಗೆ ಕೊಡುತ್ತದೆ, ಶಿಕ್ಷಕರ ಸಂಘದ ಜೊತೆಗಿನ ಸಂಬಳದ ಕರಾರಿಗೂ ಒಪ್ಪಿಗೆ ಹಾಕುತ್ತದೆ. ಶಿಕ್ಷಕರು ರಾಜ್ಯದ ನೌಕರರಲ್ಲ, ಡಿಸ್ಟ್ರಿಕ್ಟಿನ ನೌಕರರು. "ಹಾಗಾದ್ರೆ ವರ್ಗಾವಣೆ?" ಅಂದರು ಮಾವ. ರಾಜ್ಯದ ಮಟ್ಟದಲ್ಲಿ ಅಂಥದ್ದೇ ಇಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೌನ್ಸೆಲಿಂಗ್, ಎ ವಲಯ, ಸಿ ವಲಯ ಅಂತ ಅರ್ಧ ಆಯುಷ್ಯ ಕಳೆದ ಮನುಷ್ಯ.

ಅವರನ್ನು ಒಂದು ಸಂಜೆ ಬೋರ್ಡ್ ಮೀಟಿಂಗಿಗೆ ಕರೆದುಕೊಂಡು ಹೋದೆ. ಕ್ಯಾಲಿಫೋರ್ನಿಯಾದಲ್ಲಿ 1953ರಿಂದ ಬ್ರೌನ್ ಆಕ್ಟ್ ಅಂತ ಒಂದು ಕಾಯ್ದೆ ಇದೆ. ಸಾಮಾನ್ಯ ಸಭೆಯ ವಿಷಯಸೂಚಿಯನ್ನು 72 ಗಂಟೆ ಮೊದಲೇ ಬಹಿರಂಗವಾಗಿ ಹಾಕಬೇಕು, ಅದರಲ್ಲಿಲ್ಲದ ವಿಷಯಕ್ಕೆ ತೀರ್ಮಾನ ತೆಗೆದುಕೊಳ್ಳುವ ಹಾಗಿಲ್ಲ, ಬಂದ ಯಾರೇ ಆಗಲಿ ಮಾತಾಡಬಹುದು. ಅವತ್ತು ಸಂಗೀತ ತರಗತಿ ಕಡಿತ ಮಾಡುವ ವಿಚಾರ. ಬಾಗಿಲ ಹತ್ತಿರ ಚೀಟಿ ಬರೆದುಕೊಟ್ಟವರಿಗೆ ಎರಡೆರಡು ನಿಮಿಷ. ಮೈಕಿನ ಮುಂದೆ ಪುಟ್ಟ ದೀಪ: ಹಸಿರು, ಹಳದಿ, ಕೆಂಪು. ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ವಯಲಿನ್ ಪೆಟ್ಟಿಗೆ ಹಿಡಿದುಕೊಂಡೇ ಬಂದು, ಕಾಗದ ನೋಡಿಕೊಂಡು ಓದಿದಳು. ದೀಪ ಕೆಂಪಾಯಿತು, ಅವಳ ಕಾಗದ ಮುಗಿದಿರಲಿಲ್ಲ. ಅಧ್ಯಕ್ಷೆ "ಥ್ಯಾಂಕ್ ಯೂ" ಅಂದರು, ಹುಡುಗಿ ಉಳಿದದ್ದನ್ನೂ ಓದಿಯೇ ಇಳಿದಳು. ಸೂಪರಿಂಟೆಂಡೆಂಟರು ಬರೆದುಕೊಳ್ಳುತ್ತಾ ಕೂತಿದ್ದರು. ಮಾವ ನನ್ನ ಕಿವಿಯಲ್ಲಿ, "ನಮ್ಮ ಎಸ್‌ಡಿಎಂಸಿ ಮೀಟಿಂಗಿಗೆ ಟೀ ಇದೆ ಅಂದ್ರೂ ಕೋರಂ ಆಗ್ತಿರಲಿಲ್ಲ" ಅಂದರು. ಇಲ್ಲೂ ಹೆಚ್ಚು ಕಡಿಮೆ ಹಾಗೇ, ಮಾವ. ಕಡಿತ ಇದ್ದ ದಿನ ಸಭಾಂಗಣ ತುಂಬುತ್ತೆ. ಬಜೆಟ್ ಪಾಸಾಗುವ ಜೂನ್ ಸಭೆಯಲ್ಲಿ ಕುರ್ಚಿಗಳದ್ದೇ ಹಾಜರಿ.

ನಮ್ಮವರಲ್ಲಿ ಎಷ್ಟೋ ಜನಕ್ಕೆ ಈ ಬೋರ್ಡಿಗೆ ಮತ ಹಾಕುವ ಹಕ್ಕಿಲ್ಲ ಅನ್ನುವುದನ್ನೂ ಹೇಳಬೇಕು. ಎಚ್1ಬಿ ವೀಸಾ ಆಗಲಿ, ಗ್ರೀನ್ ಕಾರ್ಡ್ ಆಗಲಿ, ನಾಗರಿಕರಲ್ಲದವರು ಮಾತಾಡಬಹುದು, ಮತ ಹಾಕುವಂತಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಇದಕ್ಕೊಂದು ಅಪವಾದ. ಶಾಲಾ ಬೋರ್ಡ್ ಚುನಾವಣೆಯಲ್ಲಿ ನಾಗರಿಕರಲ್ಲದ ಪೋಷಕರಿಗೂ ಮತ ಇರಲಿ ಅಂತ 2016ರಲ್ಲಿ ಅಲ್ಲಿನ ಜನರೇ ಒಪ್ಪಿದರು. ಅದೇ ಊರು 2022ರ ಫೆಬ್ರವರಿಯಲ್ಲಿ ಬೋರ್ಡಿನ ಮೂವರನ್ನು ಅವಧಿಗೆ ಮುಂಚೆಯೇ ಮತ ಹಾಕಿ ಕೆಳಗಿಳಿಸಿತು.

ಇನ್ನು ದುಡ್ಡು.

ಒಂದು ಕಾಲಕ್ಕೆ ಇದು ಸರಳವಾಗಿತ್ತು, ಮತ್ತು ಅನ್ಯಾಯವಾಗಿತ್ತು. ಆಯಾ ಜಾಗದ ಮನೆ ತೆರಿಗೆ ಆಯಾ ಜಾಗದ ಶಾಲೆಗೆ. 1968-69ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಬೆವರ್ಲಿ ಹಿಲ್ಸ್ ಒಬ್ಬ ವಿದ್ಯಾರ್ಥಿಗೆ ಸುಮಾರು 1,232 ಡಾಲರ್ ಖರ್ಚು ಮಾಡುತ್ತಿತ್ತು. ಅದೇ ಕೌಂಟಿಯ ಬಾಲ್ಡ್‌ವಿನ್ ಪಾರ್ಕ್ ಮಾಡುತ್ತಿದ್ದುದು 577 ಡಾಲರ್. ತಮಾಷೆ ನೋಡಿ, ತೆರಿಗೆ ದರ ಬಡವರ ಊರಿನಲ್ಲೇ ಎರಡು ಪಟ್ಟಿಗಿಂತ ಹೆಚ್ಚು. ಆಸ್ತಿಗಳ ಬೆಲೆಯೇ ಕಮ್ಮಿ ಇದ್ದ ಮೇಲೆ ಎಷ್ಟು ಹಿಂಡಿದರೂ ಅಷ್ಟೇ ರಸ. ಜಾನ್ ಸೆರಾನೊ ಅನ್ನುವ ಪೋಷಕರೊಬ್ಬರ ಹೆಸರಿನಲ್ಲಿ ಹೋದ ಮೊಕದ್ದಮೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 1971ರಲ್ಲಿ, ಮಗುವಿನ ಓದು ನೆರೆಹೊರೆಯವರ ಆಸ್ತಿಯ ಮೇಲೆ ನಿಲ್ಲಬಾರದು ಅಂದಿತು. ಅದರ ಬೆನ್ನಿಗೇ 1978ರ ಜೂನ್‌ನಲ್ಲಿ ಪ್ರೊಪೊಸಿಷನ್ 13 ಅನ್ನುವ, ಜನರೇ ಮತ ಹಾಕಿ ತಂದ ಕಾನೂನು ಬಂತು. ಆಸ್ತಿ ತೆರಿಗೆ ಶೇಕಡಾ 1 ಮೀರಬಾರದು, ಮನೆ ಮಾರಾಟವಾಗುವ ತನಕ ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇಕಡಾ 2ಕ್ಕಿಂತ ಏರಬಾರದು. ನಮ್ಮ ಪಕ್ಕದ ಮನೆಯ ಅಜ್ಜಿ 1980ರ ದಶಕದಲ್ಲಿ ಕೊಂಡ ಮನೆಗೆ ಕಟ್ಟುವ ತೆರಿಗೆ ನಮ್ಮದರ ಐದರಲ್ಲೊಂದು ಪಾಲೂ ಇಲ್ಲ. ಅದೇ ಅಳತೆಯ ಹಿತ್ತಿಲು, ಅದೇ ನಿಂಬೆಗಿಡ.

ಅಲ್ಲಿಂದ ದುಡ್ಡಿನ ಗಂಟು ರಾಜಧಾನಿ ಸ್ಯಾಕ್ರಮೆಂಟೊಗೆ ಹೋಯಿತು. ಈಗ ನಡೆಯುತ್ತಿರುವ ಲೆಕ್ಕ 2013ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಕಾಲದಲ್ಲಿ ಬಂದದ್ದು. ಒಂದು ಕೊಳಗ ಇದೆ ಅಂದುಕೊಳ್ಳಿ. ನಿಮ್ಮ ಡಿಸ್ಟ್ರಿಕ್ಟಿಗೆ ಇಷ್ಟು ಸಲ್ಲಬೇಕು ಅಂತ ರಾಜ್ಯ ಅದರ ಮೇಲೆ ಗೆರೆ ಹಾಕುತ್ತದೆ. ಮೊದಲು ಸ್ಥಳೀಯ ಆಸ್ತಿ ತೆರಿಗೆ ಸುರಿಯುತ್ತಾರೆ, ಗೆರೆ ಮುಟ್ಟಲು ಎಷ್ಟು ಕಮ್ಮಿಯೋ ಅಷ್ಟನ್ನು ರಾಜ್ಯ ತುಂಬುತ್ತದೆ. ಹಾಗಾಗಿ "ನಮ್ಮ ಏರಿಯಾದಲ್ಲಿ ಮನೆ ಬೆಲೆ ಏರ್ತಿದೆ, ಶಾಲೆಗೆ ಒಳ್ಳೇದು" ಅಂತ ವಾಟ್ಸಾಪ್ ಗ್ರೂಪಿನಲ್ಲಿ ಬರೆಯುವವರಿಗೆ ನಾನು ಪ್ರತಿ ಸಲ ಹೇಳುವುದು, ಹೆಚ್ಚಿನ ಕಡೆ ಹಾಗಾಗುವುದಿಲ್ಲ. ಸ್ಥಳೀಯ ತೆರಿಗೆ ಏರಿದಷ್ಟೂ ರಾಜ್ಯ ತಾನು ಸುರಿಯುವುದನ್ನು ಕಡಿಮೆ ಮಾಡುತ್ತದೆ, ಗೆರೆ ಅಲ್ಲೇ ಇರುತ್ತದೆ. ಫೆಡರಲ್ ಸರ್ಕಾರದ ಪಾಲು ಇದರಲ್ಲಿ ಸಣ್ಣದು.

ಆದರೆ ಕೆಲವು ಕಡೆ ಸ್ಥಳೀಯ ತೆರಿಗೆಯೇ ಗೆರೆ ದಾಟಿ ಹರಿಯುತ್ತದೆ. ಹೆಚ್ಚಾದದ್ದನ್ನು ಅವರೇ ಇಟ್ಟುಕೊಳ್ಳಬಹುದು. ಪಾಲೊ ಆಲ್ಟೊ ಹಾಗೆ, ಮೇಲೆ ಹೇಳಿದ ಫ್ರೀಮಾಂಟ್ ಯೂನಿಯನ್ ಕೂಡ ಹಾಗೆ. ಈಗ ಕುಪರ್ಟಿನೊ ನೋಡಿ. ಕೆಲವು ವರ್ಷಗಳ ಹಿಂದೆ ಅಲ್ಲಿ ಎಂಟನೇ ತರಗತಿವರೆಗಿನ ಡಿಸ್ಟ್ರಿಕ್ಟ್ ರಾಜ್ಯದ ಗೆರೆಯನ್ನು ನಂಬಿಕೊಂಡಿತ್ತು, ಅದೇ ಮಕ್ಕಳು ಮುಂದೆ ಹೋಗುವ ಹೈಸ್ಕೂಲ್ ಡಿಸ್ಟ್ರಿಕ್ಟ್ ತುಂಬಿ ಹರಿಯುತ್ತಿತ್ತು. ಆಪಲ್ ಕಂಪನಿಯ ಮುಖ್ಯ ಕಚೇರಿ ಇರುವ ಊರು, ಮನೆ ಕೊಳ್ಳಲು ಎರಡು ಜನ್ಮ ಬೇಕು, ಆದರೂ ಮಕ್ಕಳ ಸಂಖ್ಯೆ ಇಳಿಯಿತು ಅಂತ 2022ರಲ್ಲಿ ಪ್ರಾಥಮಿಕ ಶಾಲೆಗಳು ಮುಚ್ಚಿದವು. ಮನೆ ತುಟ್ಟಿಯಾದರೆ ಎಳೆ ಮಕ್ಕಳಿರುವ ಸಂಸಾರಗಳು ಬರುವುದಿಲ್ಲ, ಮಕ್ಕಳು ಕಮ್ಮಿಯಾದರೆ ಗೆರೆ ಕೆಳಗಿಳಿಯುತ್ತದೆ. ಶ್ರೀಮಂತಿಕೆಯೇ ಶಾಲೆ ಮುಚ್ಚಿಸುವ ವಿಚಿತ್ರ ಇದು.

ಗೆರೆ ಎಲ್ಲಿ ಬೀಳುತ್ತದೆ ಅನ್ನುವುದು ಗೊತ್ತಾದ ಮೇಲೆ ಶಾಲೆಯಿಂದ ಮನೆಗೆ ಬರುವ ಕಾಗದ, ಫೋನುಗಳೆಲ್ಲ ಅರ್ಥವಾಗತೊಡಗಿದವು. ಲೆಕ್ಕ ದಾಖಲಾತಿಯ ಮೇಲಲ್ಲ, ದಿನದ ಹಾಜರಿಯ ಸರಾಸರಿಯ ಮೇಲೆ. ಪ್ರಾಥಮಿಕ ಮಗುವಿಗೆ ವರ್ಷಕ್ಕೆ ಮೂಲ ಅನುದಾನ ಹತ್ತು ಸಾವಿರ ಡಾಲರಿನ ಆಸುಪಾಸು, ಶಾಲೆ ನಡೆಯುವುದು 180 ದಿನ. ಅಂದರೆ ಒಂದು ದಿನಕ್ಕೆ ಐವತ್ತೈದು ಡಾಲರ್. ಜ್ವರ ಅಂತ ಚೀಟಿ ಕೊಟ್ಟರೂ ಗೈರುಹಾಜರಿ ಗೈರುಹಾಜರಿಯೇ. ಡಿಸೆಂಬರಿನಲ್ಲಿ ಮೂರು ವಾರ ಊರಿಗೆ ಹೋಗ್ತೀವಿ ಅಂದಾಗ ಆಫೀಸಿನಾಕೆ "ಇಂಡಿಪೆಂಡೆಂಟ್ ಸ್ಟಡಿ" ಕರಾರಿಗೆ ಸಹಿ ಹಾಕಿಸಿಕೊಂಡು ಕಟ್ಟುಗಟ್ಟಲೆ ಹೋಮ್‌ವರ್ಕ್ ಕೊಡುತ್ತಾರಲ್ಲ, ಅದು ಮಗುವಿನ ಮೇಲಿನ ಕಾಳಜಿಯೂ ಹೌದು, ಹಾಜರಿ ಉಳಿಸಿಕೊಳ್ಳುವ ದಾರಿಯೂ ಹೌದು.

ಊಟದ ಫಾರ್ಮ್ ಹೀಗೇ. 2022ರಿಂದ ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಊಟ ಪುಕ್ಕಟೆ. ಆದರೂ ಆದಾಯ ಎಷ್ಟು ಅಂತ ಫಾರ್ಮ್ ಬರುತ್ತದೆ, "ಊಟ ಹೇಗೂ ಸಿಗುತ್ತಲ್ಲ" ಅಂತ ಜನ ಕಸದಬುಟ್ಟಿಗೆ ಹಾಕುತ್ತಾರೆ. ಕಮ್ಮಿ ಆದಾಯದ ಮನೆಯ ಮಕ್ಕಳು, ಇಂಗ್ಲಿಷ್ ಇನ್ನೂ ಕಲಿಯುತ್ತಿರುವವರು, ಸರ್ಕಾರದ ಪೋಷಣೆಯಲ್ಲಿರುವ ಮಕ್ಕಳು, ಇವರಿಗೆ ಮೂಲ ಅನುದಾನದ ಮೇಲೆ ಶೇಕಡಾ 20 ಹೆಚ್ಚು ಸಿಗುತ್ತದೆ. ಕಸದಬುಟ್ಟಿಗೆ ಹೋದದ್ದು ಆ ಲೆಕ್ಕ.

ಇದರಲ್ಲೇ ಕನ್ನಡದವರ ಕಥೆಯೂ ಇದೆ. ಶಾಲೆಗೆ ಸೇರಿಸುವಾಗ ಮನೆಮಾತಿನ ಬಗ್ಗೆ ನಾಲ್ಕು ಪ್ರಶ್ನೆ ಕೇಳುತ್ತಾರೆ: ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಹೆಚ್ಚು ಮಾತಾಡುವುದು ಯಾವುದು, ಹೀಗೆ. ಕನ್ನಡ ಅಂತ ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಇರುತ್ತದೆ. "ಇಂಗ್ಲಿಷ್ ಅಂತಲೇ ಬರೆದುಬಿಡಿ, ತಲೆನೋವಿಲ್ಲ" ಅನ್ನುವ ಬುದ್ಧಿವಾದ ನಮ್ಮ ಗುಂಪುಗಳಲ್ಲಿ ಪಾರಂಪರಿಕ. ನನ್ನ ಮಗ ಮೊದಲು ಆಡಿದ ಮಾತು "ಬೇಡ". ಕನ್ನಡ ಅಂತಲೇ ಬರೆದೆ. ಪರೀಕ್ಷೆ ಅರ್ಧ ಬೆಳಿಗ್ಗೆಯಲ್ಲಿ ಮುಗಿಯಿತು, ಬಂದು ಇಡ್ಲಿ ತಿಂದ.

ಮನೆ ತೆರಿಗೆಯ ಬಿಲ್ಲು ಬಂದಾಗ ಮಾವನವರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದರು. ಮೇಲೆ ಶೇಕಡಾ 1. ಕೆಳಗೆ ಶಾಲೆಗಳ ಬಾಂಡ್ ಸಾಲ ತೀರಿಸಲು ಚಿಲ್ಲರೆ ಚಿಲ್ಲರೆ ದರಗಳು, ಅದರ ಕೆಳಗೆ ಪಾರ್ಸೆಲ್ ಟ್ಯಾಕ್ಸ್. ಬಾಂಡ್ ಅಂದರೆ ಕಟ್ಟಡಕ್ಕೆ ಎತ್ತುವ ಸಾಲ, 2000ದ ನವೆಂಬರಿನಿಂದ ಶೇಕಡಾ 55 ಮತ ಬಿದ್ದರೆ ಸಾಕು. ಪಾರ್ಸೆಲ್ ಟ್ಯಾಕ್ಸ್ ಅಂದರೆ ಒಂದೊಂದು ನಿವೇಶನದ ಮೇಲೆ ಹಾಕುವ ತೆರಿಗೆ, ಶಿಕ್ಷಕರ ಸಂಬಳಕ್ಕೂ ಬಳಸಬಹುದಾದದ್ದು, ಅದನ್ನು ಗೆಲ್ಲಿಸಲು ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಮತ ಬೇಕು. ಬಾಂಡಿನ ದುಡ್ಡನ್ನು ಸಂಬಳಕ್ಕೆ ಮುಟ್ಟುವಂತಿಲ್ಲ. ಅದಕ್ಕೇ ಒಂದೇ ಶಾಲೆಯಲ್ಲಿ ಹೊಸ ಜಿಮ್ನೇಷಿಯಂ ಏಳುತ್ತಿರುತ್ತದೆ, ಅದೇ ಹೊತ್ತಿಗೆ, ಮಾರ್ಚ್ 15ರೊಳಗೆ, ಎಳೆಯ ಶಿಕ್ಷಕಿಯ ಕೈಗೆ ಕೆಲಸ ಹೋಗಬಹುದೆಂಬ ನೋಟೀಸು ಬಂದಿರುತ್ತದೆ. "ದುಡ್ಡಿಲ್ಲ ಅಂತಾರೆ, ಕಟ್ಟಡ ಕಟ್ಟಿಸ್ತಾರೆ, ಕಳ್ಳರು" ಅಂತ ಬೈಯುವವರಿಗೆ ಈ ಎರಡು ಡಬ್ಬಿಗಳ ವಿಷಯ ಗೊತ್ತಿರುವುದಿಲ್ಲ. ಇಷ್ಟು ಸಾಲದ್ದಕ್ಕೆ ವರ್ಷಕ್ಕೊಮ್ಮೆ ಪೋಷಕರ ಸಂಘದ ದೇಣಿಗೆ ಪತ್ರ. ಕಡ್ಡಾಯ ಮಾಡುವಂತಿಲ್ಲ, ಪಠ್ಯೇತರ ಚಟುವಟಿಕೆಗೂ ಶುಲ್ಕ ಕೇಳಕೂಡದು ಅಂತ 1984ರಲ್ಲೇ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಪತ್ರದಲ್ಲಿ ತುಂಬಾ ಮೃದುವಾದ ಭಾಷೆ ಇರುತ್ತದೆ.

ಬಿಲ್ಲು ಮಡಚಿಟ್ಟು ಮಾವ ಕೇಳಿದರು, "ಬಾಡಿಗೆಯಲ್ಲಿರೋರು ಏನೂ ಕಟ್ಟಲ್ವಾ?" ಕಟ್ಟುತ್ತಾರೆ, ಬಾಡಿಗೆಯೊಳಗೇ. ಪಂಕ್ತಿಯಲ್ಲಿ ಫೀಸಿಲ್ಲ ಅನ್ನುತ್ತೇನಲ್ಲ, ಅದು ಅರ್ಧ ಸುಳ್ಳು. ಹತ್ತಕ್ಕೆ ಒಂಬತ್ತು ರೇಟಿಂಗ್ ಇರುವ ಶಾಲೆಯ ಗಡಿಯೊಳಗೆ ಎರಡು ಕೋಣೆ ಮನೆಗೆ ಗಡಿಯಾಚೆಗಿಂತ ಎಷ್ಟು ಹೆಚ್ಚು ಬಾಡಿಗೆ ಅನ್ನುವುದನ್ನು ಇಲ್ಲಿನ ಯಾವ ಕನ್ನಡಿಗನನ್ನು ಕೇಳಿದರೂ ಹೇಳುತ್ತಾನೆ. ಅದೇ ಫೀಸು. ಆ ಹೆಚ್ಚಿನ ಬಾಡಿಗೆ ಹೋಗುವುದು ಮಾತ್ರ ಶಾಲೆಗಲ್ಲ, ಮನೆ ಮಾಲೀಕರಿಗೆ.

ಮಾವ ಊರಿಗೆ ಹೋಗಿ ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಮಗನಿಗೆ ಜ್ವರ, ಶಾಲೆಗೆ ಕಳಿಸಲಿಲ್ಲ. ವಿಡಿಯೊ ಕಾಲ್‌ನಲ್ಲಿ ಮೊಮ್ಮಗ ಮನೆಯಲ್ಲೇ ಇರುವುದನ್ನು ನೋಡಿದರು. ಔಷಧಿ ಏನು ಕೊಟ್ಟೆ, ಗಂಜಿ ಕುಡಿದನಾ ಎಲ್ಲ ಆದ ಮೇಲೆ, ಫೋನ್ ಇಡುವ ಮುಂಚೆ, "ಹಾಗಾದ್ರೆ ನಿಮ್ಮ ಸ್ಕೂಲಿಗೆ ಇವತ್ತು ಐವತ್ತೈದು ಡಾಲರ್ ಖೋತಾ ಅನ್ನು" ಅಂದರು.