ಡೆಲೋಸ್: ನೀರಿಲ್ಲದ ದ್ವೀಪದ ಮನೆಗಳು

ಗ್ರೀಸ್ ಪ್ರವಾಸವೆಂದರೆ ಅಥೆನ್ಸಿನ ಅಕ್ರೊಪೊಲಿಸ್ ನೋಡಿ, ಬಳಿಕ ಯಾವುದಾದರೊಂದು ದ್ವೀಪದಲ್ಲಿ ಉಳಿದು ಬರುವುದು ರೂಢಿ. ನಮ್ಮ ಕುಟುಂಬವೂ ಹಾಗೆಯೇ ಮೈಕೊನೊಸ್‌ಗೆ ಹೋಯಿತು. ಅದರ ಬಿಳಿ ಗೋಡೆಗಳ ಬಗ್ಗೆ ಸಾಕಷ್ಟು ಜನ ಬರೆದಿದ್ದಾರೆ. ನಾನು ಬರೆಯಬೇಕೆಂದಿರುವುದು ಅಲ್ಲಿಂದ ದೋಣಿಯಲ್ಲಿ ಸುಮಾರು ಅರ್ಧ ಗಂಟೆ ದೂರವಿರುವ ಡೆಲೋಸ್ ಎಂಬ ಪಾಳು ನಗರದ ಬಗ್ಗೆ, ಅದರಲ್ಲೂ ಅಲ್ಲಿನ ಮನೆಗಳ ಬಗ್ಗೆ.

ಅಪೊಲೊ ಮತ್ತು ಆರ್ಟೆಮಿಸ್ ದೇವತೆಗಳು ಹುಟ್ಟಿದ ನೆಲವೆಂದು ಗ್ರೀಕರು ಈ ದ್ವೀಪವನ್ನು ಪೂಜ್ಯವೆಂದು ಭಾವಿಸಿದ್ದರು. ಕ್ರಿ.ಪೂ. 478ರಲ್ಲಿ ಪರ್ಷಿಯನ್ನರ ವಿರುದ್ಧ ರೂಪುಗೊಂಡ ಗ್ರೀಕ್ ನಗರಗಳ ಒಕ್ಕೂಟದ ಬೊಕ್ಕಸ ಮೊದಲು ಇದ್ದದ್ದು ಇಲ್ಲಿಯೇ. ಕ್ರಿ.ಪೂ. 426ರಲ್ಲಿ ಅಥೆನ್ಸಿನವರು ದ್ವೀಪದಲ್ಲಿದ್ದ ಸಮಾಧಿಗಳನ್ನು ಅಗೆಸಿ ತೆಗೆಸಿ, ಇನ್ನು ಮುಂದೆ ಇಲ್ಲಿ ಯಾರೂ ಹುಟ್ಟಬಾರದು, ಯಾರೂ ಸಾಯಬಾರದು ಎಂದು ವಿಧಿಸಿದರು. ದಿನ ತುಂಬಿದ ಬಸುರಿಯರನ್ನೂ ಸಾವಿನಂಚಿನಲ್ಲಿದ್ದವರನ್ನೂ ಎದುರಿನ ರಿನಿಯಾ ದ್ವೀಪಕ್ಕೆ ಸಾಗಿಸಬೇಕಾಗಿತ್ತು. ಇಂದಿಗೂ ಪ್ರವಾಸಿಗರು ಇಲ್ಲಿ ರಾತ್ರಿ ಉಳಿಯುವಂತಿಲ್ಲ.

ಕ್ರಿ.ಪೂ. 166ರಲ್ಲಿ ರೋಮ್ ಇದನ್ನು ಸುಂಕವಿಲ್ಲದ ಬಂದರನ್ನಾಗಿ ಮಾಡಿದ ಮೇಲೆ ವರ್ತಕರು ಎಲ್ಲ ಕಡೆಯಿಂದ ಬಂದು ನೆಲೆಸಿದರು. ಮೂರೂವರೆ ಚದರ ಕಿಲೋಮೀಟರಿನಷ್ಟು ಮಾತ್ರ ಇರುವ ಈ ಬಂಡೆಗಲ್ಲಿನ ದ್ವೀಪದಲ್ಲಿ ಆಗ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿದ್ದರೆಂದು ಅಂದಾಜು. ಇಲ್ಲಿ ನದಿಯಿಲ್ಲ, ಮಳೆಗಾಲದಲ್ಲಿ ಹರಿಯುವ ಇನೋಪೊಸ್ ಎಂಬ ತೊರೆಯೊಂದಿದೆ, ಅಷ್ಟೆ. ಇಷ್ಟು ಜನ ಏನು ಕುಡಿದು ಬದುಕಿದರು ಎಂಬ ಪ್ರಶ್ನೆಯನ್ನು ಹಿಡಿದು ನೋಡಿದರೆ ಮಾತ್ರ ಡೆಲೋಸ್ ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಈ ಪ್ರಶ್ನೆಗೆ ಉತ್ತರವು ಇಲ್ಲಿನ ರಂಗಮಂದಿರದ ಸುತ್ತಲಿನ ಮನೆಗಳಲ್ಲಿದೆ. ಓಣಿಗಳು ಇಬ್ಬರು ಎದುರುಬದುರಾದರೆ ಸರಿದು ನಿಲ್ಲಬೇಕಾದಷ್ಟು ಕಿರಿದು, ಆದರೆ ಬಾಗಿಲು ದಾಟಿದೊಡನೆ ಕಂಬಗಳಿಂದ ಸುತ್ತುವರಿದ ತೆರೆದ ಅಂಗಳ ಎದುರಾಗುತ್ತದೆ. ಅಲ್ಲಿ ನಿಂತು ನನ್ನ ಅತ್ತೆಯವರು, "ಇದು ನಮ್ಮ ತೊಟ್ಟಿ ಮನೆಯ ಹಾಗೆಯೇ ಇದೆಯಲ್ಲಮ್ಮ" ಎಂದರು. ಅವರ ಮಾತು ಸರಿಯಾಗಿಯೇ ಇತ್ತು: ನಾಲ್ಕೂ ಕಡೆಯ ಸೂರಿನಿಂದ ಇಳಿದ ಮಳೆನೀರು ನಡುವಿನ ತೊಟ್ಟಿಗೆ ಬಂದು ಸೇರುತ್ತದೆ. ವ್ಯತ್ಯಾಸವೆಂದರೆ ನಮ್ಮಲ್ಲಿ ಅದು ಹೊರಗೆ ಹರಿದು ಹೋಗುತ್ತದೆ, ಇಲ್ಲಿ ಅಂಗಳದ ಕೆಳಗಿನ ಗಾರೆ ಬಳಿದ ಹಗೇವಿನಂಥ ಕೋಣೆಗೆ ಇಳಿದು ಬೇಸಿಗೆಗಾಗಿ ಉಳಿಯುತ್ತಿತ್ತು. ಆ ನೀರನ್ನು ಸೇದಲು ಬಿಟ್ಟ ಕಲ್ಲಿನ ಬಾಯಿಗಳು ಈಗಲೂ ಕಾಣುತ್ತವೆ.

ಗ್ರೀಕರ ದ್ರಾಕ್ಷಾರಸದ ದೇವತೆ ಡಯೋನಿಸಸ್‌ನ ಮನೆಯೆಂದು ಕರೆಯುವ ಕಟ್ಟಡದ ಅಂಗಳದಲ್ಲಿ, ಹುಲಿಯನ್ನೇರಿದ ರೆಕ್ಕೆಯುಳ್ಳ ದೇವತೆಯ ಚಿತ್ರವನ್ನು ಸಣ್ಣ ಸಣ್ಣ ಬಣ್ಣದ ಕಲ್ಲಿನ ಚೂರುಗಳಿಂದ ಜೋಡಿಸಿದ್ದಾರೆ. ಹುಲಿಯ ಮೈಮೇಲಿನ ಪಟ್ಟೆಗಳು ಒಂದು ಬಣ್ಣದಿಂದ ಇನ್ನೊಂದಕ್ಕೆ ಕುಂಚದಲ್ಲಿ ಬಳಿದಂತೆ ತಿರುಗುತ್ತವೆ. ಮನೆಯವರು ತಮ್ಮ ಅತ್ಯುತ್ತಮ ಕೆಲಸವನ್ನು ಮಾಡಿಸಿದ್ದು ನೀರು ಕೂಡಿಸುವ ಜಾಗದಲ್ಲಿಯೇ ಎಂಬುದು ನನ್ನ ಮನಸ್ಸಿನಲ್ಲಿ ಆಳವಾಗಿ ನಿಂತಿದೆ. ರಂಗಮಂದಿರದಲ್ಲೂ ಇದೇ ಜಾಣ್ಮೆ: ಸುಮಾರು ಐದೂವರೆ ಸಾವಿರ ಜನ ಕೂರಬಹುದಾಗಿದ್ದ ಮೆಟ್ಟಿಲುಗಳ ಮೇಲೆ ಬಿದ್ದ ಮಳೆ, ಪಕ್ಕದ ದೊಡ್ಡ ಜಲಾಗಾರಕ್ಕೆ ಹರಿಯುತ್ತಿತ್ತು. ಅದರ ಮೇಲ್ಛಾವಣಿಯನ್ನು ಹೊತ್ತಿದ್ದ ಕಲ್ಲಿನ ಕಮಾನುಗಳು ಇನ್ನೂ ಗಟ್ಟಿಯಾಗಿ ನಿಂತಿವೆ.

ಈ ಸಂಪತ್ತು ಎಲ್ಲಿಂದ ಬಂತೆಂದು ನನ್ನ ಮಗಳು ಕೇಳಿದಳು. ಮಕ್ಕಳಿಗೆ ಸತ್ಯವನ್ನೇ ಹೇಳಬೇಕು. ಈ ಬಂದರಿನಲ್ಲಿ ಒಂದೇ ದಿನಕ್ಕೆ ಹತ್ತು ಸಾವಿರ ಗುಲಾಮರನ್ನು ಇಳಿಸಿ ಮಾರಿ ಕಳುಹಿಸಬಹುದಾಗಿತ್ತು ಎಂದು ಪ್ರಾಚೀನ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. ಅವಳು ಆ ಬಳಿಕ ಪ್ರತಿ ಮನೆಯಲ್ಲೂ ನೀರು ಸೇದುತ್ತಿದ್ದವರು ಯಾರಿರಬಹುದು ಎಂದು ವಿಚಾರಿಸುತ್ತಲೇ ಇದ್ದಳು. ಮಾಹಿತಿ ಫಲಕಗಳಿಗಿಂತ ಆ ಪ್ರಶ್ನೆ ನಮಗೆ ಹೆಚ್ಚು ಕಲಿಸಿತು. ಕ್ರಿ.ಪೂ. 88ರಲ್ಲಿ ರೋಮಿನ ವೈರಿಯಾಗಿದ್ದ ಪಾಂಟಸ್ ರಾಜ್ಯದ ದೊರೆ ಮಿಥ್ರಿಡೇಟಿಸ್‌ನ ಸೈನ್ಯವೂ 69ರಲ್ಲಿ ಕಡಲ್ಗಳ್ಳರೂ ಊರನ್ನು ಕೊಳ್ಳೆ ಹೊಡೆದ ಮೇಲೆ ವ್ಯಾಪಾರ ಬೇರೆ ದಾರಿ ಹಿಡಿಯಿತು, ಜನರೂ ಕರಗುತ್ತ ಹೋದರು.

ಎಲ್ಲರೂ ಚಿತ್ರ ತೆಗೆಯುವ ಸಿಂಹಗಳ ಸಾಲು ಹತ್ತಿರದ ದ್ವೀಪವಾದ ನಕ್ಸೊಸ್‌ನವರು ಅಮೃತಶಿಲೆಯಲ್ಲಿ ಮಾಡಿಸಿ ಅರ್ಪಿಸಿದ್ದು. ಬಯಲಿನಲ್ಲಿರುವುದು ಪ್ರತಿಕೃತಿಗಳು, ಮೂಲ ಶಿಲ್ಪಗಳನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಗಿದೆ. ಅವುಗಳ ಎದುರಿಗಿದ್ದ ಪವಿತ್ರ ಕೊಳವನ್ನು ಮಲೇರಿಯಾದ ಭಯದಿಂದ 1920ರ ದಶಕದಲ್ಲಿ ಬತ್ತಿಸಿದರು. ಅಷ್ಟು ಕಷ್ಟಪಟ್ಟು ಹನಿಹನಿ ಕೂಡಿಸಿದ ದ್ವೀಪದಲ್ಲಿ ಇದ್ದ ಕೊಳವನ್ನೇ ಮುಚ್ಚಬೇಕಾಗಿ ಬಂದದ್ದು ನನಗೆ ನಿಜಕ್ಕೂ ನೋವು ತಂದಿತು. ಈಗ ಅಲ್ಲಿ ಒಂದು ತಾಳೆ ಜಾತಿಯ ಮರವಿದೆ, ಸುತ್ತಲಿನ ಕಲ್ಲುಗಳ ಮೇಲೆ ಓತಿಕ್ಯಾತಗಳು ಬಿಸಿಲು ಕಾಯಿಸುತ್ತವೆ.

ಹೋಗುವವರು ಬೆಳಗಿನ ಮೊದಲ ದೋಣಿಯನ್ನೇ ಹಿಡಿಯಬೇಕು, ಏಕೆಂದರೆ ಇಡೀ ದ್ವೀಪದಲ್ಲಿ ನೆರಳು ತೀರಾ ವಿರಳ. ಟೋಪಿ ಮತ್ತು ಕುಡಿಯುವ ನೀರನ್ನು ಜೊತೆಗೇ ಒಯ್ಯಿರಿ. ಹಿರಿಯರಿದ್ದರೆ ಸುಮಾರು ನೂರಹನ್ನೆರಡು ಮೀಟರ್ ಎತ್ತರದ ಕಿಂಥೊಸ್ ಬೆಟ್ಟವನ್ನು ಕೊನೆಗೆ ಇಟ್ಟುಕೊಂಡು ಮನೆಗಳನ್ನು ಮೊದಲು ನೋಡುವುದು ಒಳ್ಳೆಯದು. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿ ಜೋರಾದರೆ ದೋಣಿಗಳನ್ನು ನಿಲ್ಲಿಸಿಬಿಡುತ್ತಾರೆ, ಆದ್ದರಿಂದ ಡೆಲೋಸನ್ನು ರಜೆಯ ಕೊನೆಯ ದಿನಕ್ಕೆ ಉಳಿಸಿಕೊಳ್ಳಬೇಡಿ.