ಶಿವಮೊಗ್ಗದಿಂದ ಆಗುಂಬೆಗೆ ಸೈಕಲ್: ಹ್ಯಾಂಡಲ್ ಬ್ಯಾಗ್ ಆರಿಸುವವರಿಗೆ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ 60 ಕಿ.ಮೀ.ಗೆ ತುಸು ಹೆಚ್ಚು, ಅಲ್ಲಿಂದ ಆಗುಂಬೆಗೆ ಇನ್ನೂ 30ರ ಆಸುಪಾಸು. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ಸಾಗುವ ಈ ದಾರಿಯಲ್ಲಿ ಸಣ್ಣಪುಟ್ಟ ಏರಿಳಿತಗಳಿವೆ, ದೊಡ್ಡ ಏರು ಇಲ್ಲ. ಘಾಟಿ ಇರುವುದು ಆಗುಂಬೆಯ ಆಚೆ ಬದಿಗೆ, ಸೋಮೇಶ್ವರಕ್ಕೆ ಇಳಿಯುವಲ್ಲಿ, 14 ತಿರುವುಗಳ ರಸ್ತೆ. ಅಂದರೆ ಹ್ಯಾಂಡಲ್ ಬ್ಯಾಗ್ ಇಲ್ಲಿ ದಿನವಿಡೀ ಮಳೆ ತಿನ್ನಬೇಕು, ಆಮೇಲೆ ಘಾಟಿಯ ಇಳಿಜಾರಿನಲ್ಲಿ ಅಲ್ಲಾಡದೆ ಕೂರಬೇಕು. ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಎಷ್ಟು ಲೀಟರ್ ಎಂದು. ಅದನ್ನು ಕೊನೆಗೆ ಕೇಳಿ. ಬ್ಯಾಗ್ ಹೇಗೆ ಕೂರುತ್ತದೆ, ಟಯರ್‌ನಿಂದ ಎಷ್ಟು ಮೇಲಿರುತ್ತದೆ, ತುಂಬಿದಾಗ ಎಷ್ಟು ತೂಗುತ್ತದೆ ಎಂಬುದರ ಮೇಲೆ ಈ ಪ್ರಯಾಣ ನಿಂತಿದೆ.

ಕೊಳ್ಳುವ ಮುಂಚೆ ಮನೆಯಲ್ಲೇ ಟೇಪ್ ಹಿಡಿದು ಅಳತೆ ತೆಗೆಯಿರಿ. ಮೊದಲನೆಯದು ಹ್ಯಾಂಡಲ್‌ನಿಂದ ಟಯರ್ ತನಕದ ಅಂತರ. ಮಡ್‌ಗಾರ್ಡ್ ಇದ್ದರೆ ಮಡ್‌ಗಾರ್ಡ್ ತನಕ. ಕುಗ್ಗದ ಗಟ್ಟಿ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಕವಲು) ಇರುವ ಸೈಕಲ್‌ನಲ್ಲಿ ಬ್ಯಾಗಿನ ತಳಕ್ಕೂ ಟಯರ್‌ಗೂ ನಡುವೆ 5 ಸೆಂ.ಮೀ. ಉಳಿದರೆ ಸಾಕು. ಸಸ್ಪೆನ್ಷನ್ ಫೋರ್ಕ್ ಆದರೆ ಲೆಕ್ಕ ಬೇರೆ. 80 ಮಿ.ಮೀ. ಕುಗ್ಗುವ ಫೋರ್ಕ್ ದೊಡ್ಡ ಗುಂಡಿಗೆ ಬಿದ್ದಾಗ ಬ್ಯಾಗನ್ನು ಟಯರ್ ಕಡೆಗೆ 8 ಸೆಂ.ಮೀ. ತರುತ್ತದೆ, ಆದ್ದರಿಂದ ಕನಿಷ್ಠ 11 ಸೆಂ.ಮೀ. ಬೇಕು. ಖಾಲಿ ಬ್ಯಾಗ್ ಕಟ್ಟಿ ಅಳೆದರೆ ಉಪಯೋಗವಿಲ್ಲ, ತುಂಬಿದ ಮೇಲೆ ಅದು ಜೋತು ಬೀಳುತ್ತದೆ. ತುಂಬಿಸಿ, ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲ್ ಮೇಲೆ ಮೈಭಾರ ಹಾಕಿ ಒತ್ತಿ ನೋಡಿ. ಇದರಲ್ಲಿ ಸಡಿಲ ಬಿಡಲೇಬೇಡಿ. ತಳ ಟಯರ್‌ಗೆ ಬರೀ ತಾಗಿದರೆ ಬಟ್ಟೆ ಸವೆಯುತ್ತದೆ. ಸಿಕ್ಕಿಕೊಂಡರೆ ಮುಂದಿನ ಚಕ್ರ ಥಟ್ಟನೆ ನಿಂತು ಸವಾರ ಹ್ಯಾಂಡಲ್ ಮೇಲಿಂದ ಆಚೆ ಬೀಳುತ್ತಾನೆ.

ಎರಡನೆಯದು ಅಗಲ. ನೇರ ಹ್ಯಾಂಡಲ್‌ನವರಿಗೆ ತೊಂದರೆ ಕಡಿಮೆ. ಬಾಗಿದ ರೇಸಿಂಗ್ ಹ್ಯಾಂಡಲ್ 42 ಸೆಂ.ಮೀ. ಇದ್ದರೆ ಒಳಗೆ ಸಿಗುವುದು 39-40. ಎರಡೂ ಬದಿ ಬೆರಳಾಡಲು 3 ಸೆಂ.ಮೀ. ಬಿಟ್ಟರೆ ಬ್ಯಾಗ್ 33-34 ಸೆಂ.ಮೀ. ಮೀರಬಾರದು. ಬ್ರೇಕ್ ಲಿವರ್ ಪೂರ್ತಿ ಒಳಗೆಳೆದಾಗ ಬ್ಯಾಗಿಗೆ ತಗುಲಿದರೆ ಆ ಬ್ಯಾಗ್ ಘಾಟಿಗೆ ಆಗಿಬರುವುದಿಲ್ಲ.

ಕಟ್ಟುವ ಬಗೆ ಮುಖ್ಯವಾಗಿ ಎರಡು. ಪಟ್ಟಿಯಲ್ಲಿ ಬಿಗಿಯುವ ಉರುಳೆ ಬ್ಯಾಗ್ ಹಗುರ, ಮಡಚಿದ ಬಟ್ಟೆ, ರೇನ್‌ಕೋಟ್, ಹೊದಿಕೆಯಂಥ ಮೆತ್ತನೆಯ ಸಾಮಾನಿಗೆ ಒಳ್ಳೆಯದು, ಗುಂಡಿ ಬಿದ್ದ ರಸ್ತೆಯಲ್ಲೂ ಮುರಿಯುವ ಭಾಗವಿಲ್ಲ. ಆದರೆ ಹೋಟೆಲ್ ಮುಂದೆ ನಿಂತಾಗಲೆಲ್ಲ ಅದನ್ನು ಬಿಚ್ಚಿ ಒಯ್ಯಲಾಗದು. ಬ್ರಾಕೆಟ್‌ಗೆ ಸಿಕ್ಕಿಸುವ ಡಬ್ಬಿಯಾಕಾರದ ಬ್ಯಾಗನ್ನು ಒಂದು ಗುಂಡಿ ಒತ್ತಿ ತೆಗೆದು ಹೆಗಲಿಗೆ ಹಾಕಿಕೊಳ್ಳಬಹುದು. ಫೋನ್, ಹಣ, ಕ್ಯಾಮೆರಾ ಇರುವವರಿಗೆ ಇದೇ ಸರಿ. ಬ್ರಾಕೆಟ್ ಕೊಳ್ಳುವಾಗ ಹ್ಯಾಂಡಲ್‌ನ ದಪ್ಪ ನೋಡಿ: ಸಾಮಾನ್ಯವಾಗಿ 25.4 ಅಥವಾ 31.8 ಮಿ.ಮೀ. ಅಳತೆ ತಪ್ಪಿದ ಬ್ರಾಕೆಟ್‌ಗೆ ರಬ್ಬರ್ ಸುತ್ತಿ ಕೂರಿಸಿದರೆ ಮೊದಲ ಹಂಪ್‌ಗಳಲ್ಲೇ ಮುಂದಕ್ಕೆ ವಾಲುತ್ತದೆ. ಬ್ರಾಕೆಟ್ ಹೊರುವ ತೂಕವನ್ನು ಕಂಪನಿ ಹೇಳಿರುತ್ತದೆ, ಮಳೆಗಾಲದ ಮಲೆನಾಡು ರಸ್ತೆಗೆ ಅದರ ಅರ್ಧವನ್ನೇ ಮಿತಿ ಎಂದಿಟ್ಟುಕೊಳ್ಳಿ. ಕಾರ್ಬನ್ ಹ್ಯಾಂಡಲ್ ಇರುವವರು ಹ್ಯಾಂಡಲ್ ಕಂಪನಿ ಒಪ್ಪಿರದಿದ್ದರೆ ಬ್ರಾಕೆಟ್ ಗೋಜಿಗೆ ಹೋಗಬೇಡಿ.

ಹೆಚ್ಚಿನವರನ್ನು ಕಾಡುವುದು ಕೇಬಲ್. ನೇರ ಹ್ಯಾಂಡಲ್‌ನಲ್ಲಿ ಬ್ರೇಕ್, ಗೇರ್ ಕೇಬಲ್‌ಗಳು ಮುಂದೆ ಬಳುಕಿ ಇಳಿಯುತ್ತವೆ. ಬ್ಯಾಗ್ ಅವುಗಳನ್ನು ಒತ್ತಿದಾಗ ಔಟರ್ (ಕೇಬಲ್ ಹೊರಕವಚ) ಸೊಟ್ಟಗಾಗಿ ಗೇರ್ ತಾನಾಗಿ ಹಾರುತ್ತದೆ, ಬ್ರೇಕ್ ಬಿಗಿಯಾಗುತ್ತದೆ. ಇದನ್ನು ಗೇರ್ ತೊಂದರೆ ಎಂದುಕೊಂಡು ಚೈನನ್ನು ಗೇರ್ ಬದಲಿಸುವ ಹಿಂದಿನ ಡಿರೈಲರ್ ಸ್ಕ್ರೂ ತಿರುಗಿಸುತ್ತ ಕೂರುವವರು ಬಹಳ. ಬ್ಯಾಗಿಗೂ ಹ್ಯಾಂಡಲ್‌ಗೂ ನಡುವೆ 2-3 ಸೆಂ.ಮೀ. ದಪ್ಪದ ಗಟ್ಟಿ ಫೋಮ್ ತುಂಡುಗಳನ್ನು ಎರಡು ಕಡೆ ಇಟ್ಟು ಪಟ್ಟಿ ಬಿಗಿದರೆ ಕೇಬಲ್‌ಗೆ ಜಾಗ ಸಿಗುತ್ತದೆ. ಆಮೇಲೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಎಲ್ಲ ಗೇರ್ ಹಾಕಿ ನೋಡಿ. ಬ್ಯಾಗ್ ಹಿಂಬದಿ ಫ್ರೇಮ್‌ಗೆ ಉಜ್ಜುವಲ್ಲಿ ಹಳೇ ಟ್ಯೂಬ್ ಕತ್ತರಿಸಿ ಸುತ್ತಿ. ಕೆಮ್ಮಣ್ಣು ನಡುವೆ ಸೇರಿದರೆ ಉಪ್ಪುಕಾಗದ ಉಜ್ಜಿದ ಹಾಗೆ ಪೇಂಟ್ ಹೋಗುತ್ತದೆ.

ತೂಕ 2.5 ಕೆ.ಜಿ. ಒಳಗೆ ಇರಲಿ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದರೆ ಆಯಿತು. ಅದಕ್ಕಿಂತ ಹೆಚ್ಚಾದರೆ ನಿಧಾನದ ಏರಿನಲ್ಲಿ ಹ್ಯಾಂಡಲ್ ಅತ್ತಿತ್ತ ಎಳೆಯುತ್ತದೆ, ವೇಗದ ಇಳಿಜಾರಿನಲ್ಲಿ ನಡುಗುತ್ತದೆ. ನೀರು, ಪಾನಾ, ಚೈನ್ ಟೂಲ್, ಬೀಗ ಇವೆಲ್ಲ ಸೀಟಿನ ಕೆಳಗೆ ಅಥವಾ ಫ್ರೇಮ್ ಬ್ಯಾಗಿಗೆ. ಮುಂದೆ ರೇನ್‌ಕೋಟ್, ಒಂದು ಜೊತೆ ಒಣ ಬಟ್ಟೆ, ಔಷಧಿ, ಪವರ್ ಬ್ಯಾಂಕ್, ತಿಂಡಿ ಸಾಕು. 7-9 ಲೀಟರ್‌ನಲ್ಲಿ ಇದೆಲ್ಲ ಹಿಡಿಯುತ್ತದೆ. ದೊಡ್ಡ ಬ್ಯಾಗ್ ಕೊಂಡರೆ ಖಾಲಿ ಜಾಗ ತುಂಬಿಸುವ ಆಸೆ ಬರುತ್ತದೆ. ಭಾರದ ವಸ್ತು ಹ್ಯಾಂಡಲ್ ಕಡೆಗೆ, ಹಗುರದ್ದು ಮುಂದಕ್ಕೆ. ತಳ ಜೋತು ಬೀಳದಿರಲೆಂದು ಒಳಗೆ ಅಡಿಕೆ ಹಾಳೆ ಹಾಕುವ ಉಪಾಯ ಬೇಸಗೆಗೆ ಚೆನ್ನ, ಮಳೆಯಲ್ಲಿ ನೆನೆದ ಹಾಳೆ ಮೆತ್ತಗಾಗುತ್ತದೆ. ಬೋರ್ಡಿಗೆ ಬಳಸುವ ಪ್ಲಾಸ್ಟಿಕ್ ಹಲಗೆಯ ತುಂಡು ಹಾಕಿ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೋಗುವವರು ‘ವಾಟರ್‌ಪ್ರೂಫ್’ ಎಂಬ ಚೀಟಿ ನಂಬದೆ ಹೊಲಿಗೆ ನೋಡಿ. ಬಟ್ಟೆಗೆ ಲೇಪ ಇದ್ದರೂ ಸೂಜಿ ಹೋದಲ್ಲೆಲ್ಲ ನೀರು ಇಳಿಯುತ್ತದೆ. ಒಳಗಿನಿಂದ ಟೇಪ್ ಅಂಟಿಸಿರಬೇಕು, ಇಲ್ಲವೇ ಹೊಲಿಗೆಯ ಬದಲು ಬೆಸುಗೆ ಇರಬೇಕು. ಸುರುಳಿ ಸುತ್ತುವ ಬಾಯಿಯನ್ನು ಗಾಳಿ ಹೊರಹಾಕಿ ಕನಿಷ್ಠ ಮೂರು ಸುತ್ತು ಸುತ್ತಬೇಕು. ಜಿಪ್‌ಗೆ ಕೆಮ್ಮಣ್ಣು ಮೆತ್ತಿ ಅದು ಅರ್ಧದಲ್ಲೇ ನಿಲ್ಲುತ್ತದೆ, ವೆಲ್ಕ್ರೋ ಹಿಡಿತ ಬಿಡುತ್ತದೆ. ಮೇಲೆ ಹಾಕುವ ರೇನ್ ಕವರ್ ಇಳಿಜಾರಿನಲ್ಲಿ ಗಾಳಿ ತುಂಬಿ ಉಬ್ಬುತ್ತದೆ, ಲೈಟ್‌ಗೂ ಅಡ್ಡ ಬರುತ್ತದೆ. ಏನೇ ಇದ್ದರೂ ಫೋನ್, ಪವರ್ ಬ್ಯಾಂಕ್ ಒಳಗಡೆ ಬೇರೆ ಕವರ್‌ನಲ್ಲಿರಲಿ. ಇಂಬಳಕ್ಕೆಂದು (ಜಿಗಣೆ) ಒಯ್ಯುವ ಉಪ್ಪನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹೊರಜೇಬಿಗೆ ಹಾಕಿ. ಒದ್ದೆ ಉಪ್ಪು ಸೋರಿದರೆ ಬ್ರಾಕೆಟ್ ಸ್ಕ್ರೂ ತುಕ್ಕು ಹಿಡಿಯುತ್ತದೆ.

ಶಿವಮೊಗ್ಗ ಬಿಟ್ಟು ಸಕ್ರೆಬೈಲು ಬರುವಷ್ಟರಲ್ಲಿ ಒಮ್ಮೆ ನಿಂತು ಪಟ್ಟಿಗಳನ್ನು ಮತ್ತೆ ಎಳೆಯಿರಿ. ನೈಲಾನ್ ಪಟ್ಟಿ ನೆನೆದಾಗ ಹಿಗ್ಗುತ್ತದೆ, ಪಾಲಿಯೆಸ್ಟರ್ ಅಷ್ಟಾಗಿ ಹಿಗ್ಗುವುದಿಲ್ಲ. ತೀರ್ಥಹಳ್ಳಿಯಲ್ಲಿ ಊಟಕ್ಕೆ ನಿಂತಾಗ ಇನ್ನೊಮ್ಮೆ. ಉಳಿದ ಪಟ್ಟಿ ತುದಿಗಳನ್ನು ಮಡಚಿ ಸಿಕ್ಕಿಸಿ, ಕಡ್ಡಿಗಳಿಗೆ ಸಿಕ್ಕಬಾರದು.

ಆಗುಂಬೆಯಿಂದ ಇಳಿಯುವ ಮುನ್ನ ಬ್ಯಾಗ್ ಬಿಗಿ, ಟಯರ್ ಅಂತರ, ಬ್ರೇಕ್ ಲಿವರ್ ಮೂರನ್ನೂ ನೋಡಿ. ಮಂಜು ಕವಿದಿದ್ದರೆ ಹ್ಯಾಂಡಲ್ ಲೈಟ್ ಬ್ಯಾಗಿನ ಹಿಂದೆ ಮುಚ್ಚಿಹೋಗಿರಬಾರದು. ಅದನ್ನು ಬ್ಯಾಗಿನ ಮುಂಭಾಗದ ಕುಣಿಕೆಗೆ ಅಥವಾ ಫೋರ್ಕ್ ಮೇಲ್ಭಾಗಕ್ಕೆ ಸರಿಸಿ. ತಿರುವಿನಲ್ಲಿ ಹ್ಯಾಂಡಲ್ ನಡುಗಿದರೆ ಹಿಡಿತ ಸಡಿಲಿಸಿ, ಮಂಡಿ ಫ್ರೇಮ್‌ಗೆ ಒತ್ತಿ, ನಿಧಾನಿಸಿ ಪಕ್ಕಕ್ಕೆ ನಿಲ್ಲಿಸಿ. ಒಳಗಿನ ಸಾಮಾನು ಒಂದು ಬದಿಗೆ ಜಾರಿರುವುದೇ ಹೆಚ್ಚಾಗಿ ಕಾರಣ.

ರಾತ್ರಿ ತಂಗಿದಲ್ಲಿ ಬ್ಯಾಗ್ ಖಾಲಿ ಮಾಡಿ, ಕೆಸರನ್ನು ತಣ್ಣೀರಲ್ಲಿ ತೊಳೆದು, ಬಾಯಿ ತೆರೆದು ತಲೆಕೆಳಗಾಗಿ ಫ್ಯಾನ್ ಕೆಳಗೆ ನೇತುಹಾಕಿ. ಬೇಗ ಒಣಗಲೆಂದು ಬಚ್ಚಲೊಲೆಯ ಮೇಲೆ ಇಡಬೇಡಿ, ಶಾಖಕ್ಕೆ ಒಳಲೇಪ ಸುಲಿದು ಹೊಲಿಗೆಯ ಟೇಪ್ ಬಿಟ್ಟುಕೊಳ್ಳುತ್ತದೆ. ಒದ್ದೆಯಲ್ಲೇ ಮುಚ್ಚಿಟ್ಟರೆ ಬೂಷ್ಟು ಬರುತ್ತದೆ.